ಸಾಣೆ ಹದಿನಾಲ್ಕು

ಇದನ್ನು ಅಚ್ಚಿಗೆ ಜೋಡಿಸುವವರು ಮೊದಲು ನನ್ನ ಕೈಬರಹವನ್ನು ಕ್ಷಮಿಸಬೇಕು. ನನ್ನ ‘ಮ’ ಯಾವುದು ‘ವ’ ಯಾವುದು ಎಂದು ಶಾಲೆಯಲ್ಲೂ ಯಾರಿಗೂ ತಿಳಿಯುತ್ತಿರಲಿಲ್ಲ. ಓದುವವರು ನನ್ನ ಮಾತುಗಳನ್ನು ಕ್ಷಮಿಸಬೇಕು. ನಾನು ಒಂಬತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು. ಇಲ್ಲಿ ಬರುವ ದೊಡ್ಡ ಪದಗಳು ಪುಸ್ತಕಗಳಿಂದ ಕಲಿತವು. ಎಲ್ಲಾದರೂ ತಪ್ಪಾಗಿ ಕೂತಿದ್ದರೆ ಅದು ಪದದ ತಪ್ಪಲ್ಲ. ಪ್ರತಿ ವಾಕ್ಯವನ್ನೂ ಎರಡು ಸಲ ಬರೆದು ನೋಡಿದ್ದೇನೆ.

ನನ್ನ ಅತ್ತೆ, ಎಂದರೆ ಅಪ್ಪನ ಅಕ್ಕ, ಗಾಜನ್ನು ತುಟಿಯಿಂದ ನೋಡುತ್ತಿದ್ದಳು. ಯಾರಾದರೂ ಹಳೆಯ ಗಾಜಿನ ಬೊಂಬೆಯೊಂದನ್ನು, ನಾಯಿಯೋ ಹಂಸವೋ ಕೂತ ಬೆಕ್ಕೋ, ತಂದು ಮೇಜಿನ ಮೇಲಿಟ್ಟು ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಅವಳು ಅದರ ಮುಖದ ಕಡೆ ಕಣ್ಣೆತ್ತುತ್ತಿರಲಿಲ್ಲ; ತಲೆಕೆಳಗು ಮಾಡಿ, ತಳವನ್ನು ಕೋಟಿನ ತೋಳಿಗೆ ಒರೆಸಿ, ಅದರ ಅಂಚನ್ನು ಕೆಳತುಟಿಗೆ ತಾಗಿಸಿ, ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಒಂದು ಸುತ್ತು ತಿರುಗಿಸುತ್ತಿದ್ದಳು. ಹತ್ತೊಂಬತ್ತು ವರ್ಷ ಗಾಜಿನ ಕಾರ್ಖಾನೆಯ ಸಾಣೆಚಕ್ರದ ಮುಂದೆ ನಿಂತು ಒದ್ದೆ ಮರಳಿನಲ್ಲಿ ಗಾಜಿನ ತಳಗಳನ್ನು ತಿಕ್ಕಿ ತಿಕ್ಕಿ ಅವಳ ಬೆರಳತುದಿಗಳು ನುಣ್ಣಗೆ ಸತ್ತುಹೋಗಿದ್ದವು. ಕುದಿಯುವ ಚಹಾದ ಲೋಟವನ್ನು ಬಟ್ಟೆಯಿಲ್ಲದೆ ಹಿಡಿಯುತ್ತಿದ್ದಳು, ಆದರೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕರೆಯುತ್ತಿದ್ದಳು. “ನನ್ನ ಬೆರಳು ಕಿವುಡು ಕಣೆ” ಎನ್ನುತ್ತಿದ್ದಳು. ಕೂದಲೆಳೆಯಷ್ಟು ಏರು, ಅಚ್ಚಿನ ಎರಡು ಭಾಗ ಕೂಡಿದ ಕಡೆ ಉಳಿಯುವ ಗೆರೆ, ಅಂಚಿನ ಸಣ್ಣ ಮುಕ್ಕು, ಇವೆಲ್ಲ ಅವಳ ಕೆಳತುಟಿಗೆ ಮಾತ್ರ ಕೇಳಿಸುತ್ತಿದ್ದವು.

ಅವಳು ಕೂರುತ್ತಿದ್ದುದು ಹಳೆಯ ಸಾಮಾನಿನ ಅಂಗಡಿಯೊಂದರ ಹಿಂಭಾಗದಲ್ಲಿ, ಹಿತ್ತಿಲ ಕಡೆಯ ಕಿಟಕಿಯ ಪಕ್ಕದ ಮೇಜಿನಲ್ಲಿ. ಅಂಗಡಿಯವನಿಗೆ ಈ ತುಟಿಯ ವಿಷಯ ದಿನವೂ ಹೊಸ ತಮಾಷೆ. “ಅಮ್ಮಾ, ಆ ನಾಯಿಗೆ ಮುತ್ತು ಕೊಟ್ಟಿದ್ದು ಸಾಕು, ಅದು ಯಾರ ಮನೇದು ಅಂತ ಹೇಳಿ” ಎಂದು ಮುಂದಿನಿಂದ ಕೂಗುತ್ತಿದ್ದ. ನನ್ನ ಅಮ್ಮನ ಮಾತಿನಲ್ಲಿ ತಮಾಷೆಗಿಂತ ಖಾರ ಹೆಚ್ಚು. “ನಮ್ಮ ಅತ್ತಿಗೆ ಮನುಷ್ಯರ ಮುಖ ನೋಡಿ ಮಾತಾಡಲ್ಲ, ಗಾಜಿನ ಅಂಡು ನೋಡಿ ಮಾತಾಡ್ತಾರೆ” ಎಂದು ಅವಳಿಗೆ ಕೇಳುವ ಹಾಗೆಯೇ ಹೇಳುತ್ತಿದ್ದಳು. ಅತ್ತೆ ಎರಡಕ್ಕೂ “ಅದಿರ್ಲಿ” ಎನ್ನುತ್ತಿದ್ದಳು. ಅವಳ ಬಾಯಲ್ಲಿ ಯಾವ ಮಾತೂ “ಅದಿರ್ಲಿ” ಇಲ್ಲದೆ ಆರಂಭವಾಗುತ್ತಿರಲಿಲ್ಲ. ಹೊಗಳಿಕೆ, ಬೈಗುಳ, ಜ್ವರ, ಎಲ್ಲವನ್ನೂ ಆ ಒಂದು ಪದದಿಂದ ಪಕ್ಕಕ್ಕೆ ಸರಿಸಿ ಆಮೇಲೆ ಕೈಯಲ್ಲಿರುವ ಕೆಲಸಕ್ಕೆ ಬರುತ್ತಿದ್ದಳು.

ಮೈಮೇಲೆ ಸದಾ ಕಾರ್ಖಾನೆ ಕೊಟ್ಟಿದ್ದ ಮೊಣಕಾಲುದ್ದದ ನೀಲಿ ಕೋಟು. ಅದರ ಮೂರನೆಯ ಗುಂಡಿಯ ಜಾಗದಲ್ಲಿ ತಾಮ್ರದ ತಂತಿ. ಎದೆಯ ಜೇಬಿನ ಮೇಲೆ, ಹೊಲಿಗೆ ಬಿಚ್ಚಿದ ಮೇಲೂ ಬಣ್ಣ ಮಾಸದೆ ಉಳಿದ ಚೌಕದಲ್ಲಿ, ಹದಿನಾಲ್ಕು ಎಂಬ ಅಂಕಿಯ ನೆರಳು. ಅಲ್ಲಿ ಯಾರಿಗೂ ಹೆಸರಿರಲಿಲ್ಲವಂತೆ. ಕುಲುಮೆ ಮೂರು, ಅಚ್ಚು ಏಳು, ಸಾಣೆ ಹದಿನಾಲ್ಕು. ಹತ್ತೊಂಬತ್ತು ವರ್ಷ ಅವಳನ್ನು ಹಾಗೆಯೇ ಕರೆದರು, ಕಾರ್ಖಾನೆ ಮುಚ್ಚಿದ ದಿನ ಕೊಟ್ಟ ಕಾಗದದಲ್ಲೂ ಹಾಗೆಯೇ ಬರೆದರು. ಕಾರ್ಖಾನೆಯ ನೆಲ ಯಾವಾಗಲೂ ನೀರು, ಮರಳು. ಜಾರದಂತೆ ಪಾದವನ್ನು ಪೂರ್ತಿ ಊರಿ ನಡೆಯುವ ಅಭ್ಯಾಸ ಅವಳಿಗೆ ಎಷ್ಟು ಅಂಟಿತ್ತೆಂದರೆ, ಸುಡುಬಿಸಿಲಿನ ಒಣ ರಸ್ತೆಯಲ್ಲೂ ಅವಳು ಒದ್ದೆಯ ಮೇಲೆ ನಡೆಯುವವಳಂತೆ ನಡೆಯುತ್ತಿದ್ದಳು.

ಅವಳು ಬಲ್ಲದ್ದು ಒತ್ತುಗಾಜು: ಕಾದ ಗಾಜಿನ ಉಂಡೆಯನ್ನು ಕಬ್ಬಿಣದ ಅಚ್ಚಿನೊಳಗೆ ಬಿಟ್ಟು ಮೇಲಿನಿಂದ ಒತ್ತಿ ಮಾಡಿದ ಸಾಮಾನು. ನಮ್ಮ ಊರಿನಲ್ಲಿ ಅದಕ್ಕೆ ಎರಡು ಕಾರ್ಖಾನೆಗಳಿದ್ದವು, ಎರಡೂ ಈಗ ಇಲ್ಲ. ದೊಡ್ಡದು ಶ್ರೀಮಂತರ ಕಪಾಟಿಗೆ ಬೊಂಬೆಗಳನ್ನು ಮಾಡುತ್ತಿತ್ತು. ಅತ್ತೆಯಿದ್ದ ಚಿಕ್ಕದು ಲೋಟ, ದೀಪದ ಬುಡ, ಕಡಿಮೆ ಬೆಲೆಯ ಕೋಳಿ ಬಾತುಕೋಳಿಗಳನ್ನು ಮಾಡುತ್ತಿತ್ತು. ಸಂಗ್ರಹಿಸುವವರೆಲ್ಲ ಹುಡುಕುವುದು ದೊಡ್ಡ ಕಾರ್ಖಾನೆಯದನ್ನೇ. ಆದ್ದರಿಂದ ಅತ್ತೆಯ ಬಳಿ ಬರುವವರೆಲ್ಲ ಒಂದೇ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರುತ್ತಿದ್ದರು.

ಒಮ್ಮೆ ಒಬ್ಬ ಹೆಂಗಸು ಅಜ್ಜಿಯಿಂದ ಬಂದ ಗಾಜಿನ ಕೋಳಿಯನ್ನು ಟವೆಲಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಬಂದಳು. ಅತ್ತೆ ತುಟಿಗಿಟ್ಟು ನೋಡಿ, “ದೊಡ್ಡವರದ್ದಲ್ಲಮ್ಮ, ನಮ್ಮದು. ಅದೂ ಎರಡನೇ ದರ್ಜೆ” ಎಂದಳು.

“ಹಾಗಾದ್ರೆ ನಮ್ಮಜ್ಜಿ ಇಷ್ಟು ವರ್ಷ ಸುಳ್ಳು ಹೇಳಿದ್ರಾ?”

“ಅದಿರ್ಲಿ. ಅಜ್ಜಿ ಏನ್ ಹೇಳಿದ್ರೋ ನಂಗೊತ್ತಿಲ್ಲ. ಕೋಳಿ ಹೇಳ್ತಿರೋದು ಇಷ್ಟು.”

ಹೆಂಗಸು ಅಳುತ್ತ ಹೋದಳು. ಸ್ವಲ್ಪ ಮೆತ್ತಗೆ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ, “ಮೆತ್ತಗೆ ಹೇಳಿದ್ರೆ ಕೋಳಿ ಬೇರೆ ಕಡೆ ಹುಟ್ಟತ್ತಾ?” ಎಂದಳು.

ಇನ್ನೊಮ್ಮೆ ಒಬ್ಬ ವ್ಯಾಪಾರಿ ಹಂಸವೊಂದನ್ನು ತಂದ. ತಳದಲ್ಲಿ ದೊಡ್ಡ ಕಾರ್ಖಾನೆಯ ಮುದ್ರೆ ಸ್ಪಷ್ಟವಾಗಿತ್ತು. ಅತ್ತೆ ಮಸೂರವನ್ನು ನನ್ನ ಕೈಗೆ ಕೊಟ್ಟು ನೋಡು ಎಂದಳು. ಬಹಳ ಹೊತ್ತು ನೋಡಿದ ಮೇಲೆ ನನಗೂ ಕಂಡಿತು: ವರ್ಷಗಟ್ಟಲೆ ಕಪಾಟಿನಲ್ಲಿ ಉಜ್ಜಿ ಆದ ಗೀರುಗಳು ಮುದ್ರೆಯ ಹತ್ತಿರ ಬಂದು ನಿಂತುಹೋಗಿದ್ದವು. ಮುದ್ರೆ ಹಳೆಯದಾಗಿದ್ದರೆ ಗೀರುಗಳು ಅದನ್ನೂ ದಾಟಿ ಹೋಗಬೇಕಿತ್ತು. ಆ ದಿನದಿಂದ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಜನರ ಮುಂದೆ ನನ್ನ ಗಂಟಲು ಕಟ್ಟುತ್ತದೆ, ಶಾಲೆ ಬಿಟ್ಟದ್ದೂ ಅದರಿಂದಲೇ; ಅಲ್ಲಿ ಮಾತಿನ ಕೆಲಸವಿರಲಿಲ್ಲ. ಬಂದ ಪ್ರತಿ ಬೊಂಬೆಯ ತಳವನ್ನು ನೋಟ್‌ಬುಕ್ಕಿನ ಒಂದು ಪುಟದಲ್ಲಿ ಅದರದೇ ಅಳತೆಗೆ ಬರೆಯುವುದು, ಗೆರೆ, ಮುಕ್ಕು, ಓರೆಗಳನ್ನು ಗುರುತಿಸುವುದು, ಪ್ರಾಣಿಯ ತಲೆ ಯಾವ ಕಡೆ ಬಾಲ ಯಾವ ಕಡೆ ಎಂದು ನಮೂದಿಸುವುದು. ಎರಡು ವರ್ಷದಲ್ಲಿ ಮುನ್ನೂರಕ್ಕೂ ಹೆಚ್ಚು ತಳಗಳನ್ನು ಬರೆದಿದ್ದೆ.

ಈ ವಿದ್ಯೆಯನ್ನೆಲ್ಲ ಕುಡಿದವರು ಸಂಗ್ರಹದ ಸಾಹೇಬರು. ಗಾಜಿನ ಬೊಂಬೆಗಳ ಬಗ್ಗೆ ದೊಡ್ಡ ಪುಸ್ತಕವೊಂದನ್ನು ಬರೆಯುತ್ತಿದ್ದವರು, ಸಭ್ಯರು, ಬಾಗಿಲಲ್ಲೇ ಪಾದರಕ್ಷೆ ಒರೆಸಿ ಒಳಗೆ ಬರುವವರು. ಒಂಬತ್ತು ವರ್ಷ ಹದಿನೈದು ದಿನಕ್ಕೊಮ್ಮೆ ಪೆಟ್ಟಿಗೆ ಹೊತ್ತು ಬಂದು, ಒಂದೊಂದು ಬೊಂಬೆಯನ್ನೂ ಅತ್ತೆಯ ಮುಂದಿಟ್ಟು, ಅವಳು ಹೇಳಿದ್ದನ್ನು ಬರೆದುಕೊಂಡು ಹೋಗುತ್ತಿದ್ದರು. ಎದುರಿಗೆ “ಅಮ್ಮ, ನೀವಿಲ್ಲದಿದ್ರೆ ಈ ಪುಸ್ತಕಾನೇ ಇಲ್ಲ” ಎನ್ನುತ್ತಿದ್ದರು. ಯಾರಾದರೂ ಜೊತೆಗೆ ಬಂದಿದ್ದರೆ ಮಾತ್ರ “ಇವರು ಸ್ಥಳೀಯ ಕೆಲಸದವರು” ಎಂದು ಪರಿಚಯಿಸುತ್ತಿದ್ದರು.

ಅವರ ಸಂಗ್ರಹದ ಹೆಮ್ಮೆ ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ಏಳು ಕುದುರೆಮರಿಗಳು. ದೊಡ್ಡ ಕಾರ್ಖಾನೆಯ ಹಳೆಯ ಪಟ್ಟಿಯೊಂದರಲ್ಲಿ ಆ ಕುದುರೆಯ ಚಿತ್ರವಿದೆ. ಆದರೆ ಆ ಕಾರ್ಖಾನೆ ಅತ್ತೆಯದಕ್ಕಿಂತ ಮೊದಲೇ ಮುಚ್ಚಿದಾಗ ಅಚ್ಚುಗಳು ಗುಜರಿಗೆ ಹೋಗಿ ಅಲ್ಲಿಂದ ಯಾರ ಕೈಗೆ ಬೇಕಾದರೂ ಸೇರಿರಬಹುದು. ಒಂದೇ ಅಚ್ಚಿನಲ್ಲಿ ಇಬ್ಬರು ಗಾಜು ಒತ್ತಿದರೆ ಎರಡಕ್ಕೂ ಒಂದೇ ಮುಖ. ಆದ್ದರಿಂದ ಸಾಹೇಬರು ಮೊದಲ ಕುದುರೆಯನ್ನು ತಂದಾಗ, ಇದು ನಿಮ್ಮ ಕಾರ್ಖಾನೆಯದ್ದಲ್ಲ ತಾನೇ ಎಂದು ಕೇಳಿದ್ದರು. ಅತ್ತೆ ತುಟಿಗಿಟ್ಟು ನೋಡಿದಳು. ತಳದ ಅಂಚಿನಲ್ಲಿ, ಬಾಲದ ಕಡೆ, ಹೆಬ್ಬೆರಳುಗುರಿನಷ್ಟು ಉದ್ದಕ್ಕೆ, ಒಂದು ಕಡೆ ಹೆಚ್ಚು ತಿಕ್ಕಿ ಇಳಿಜಾರಾದಂಥ, ಬಹಳ ನವಿರಾದ ಒಂದು ಓರೆಯಿತ್ತು. ಅಂಥ ಓರೆಯನ್ನು ಬೇರೆಲ್ಲೂ ಕಂಡಿರಲಿಲ್ಲ. “ನಮ್ಮಲ್ಲಿ ಕುದುರೆ ಆಗ್ಲೇ ಇಲ್ಲ” ಎಂದಳು. “ಆಗಿದ್ರೆ ನನ್ನ ಕೈ ದಾಟಿ ಹೋಗ್ಬೇಕಿತ್ತು.” ಅಲ್ಲಿಂದ ಆ ಓರೆ ದೊಡ್ಡ ಕಾರ್ಖಾನೆಯ ಗುರುತಾಯಿತು. ಏಳು ಕುದುರೆಗಳಲ್ಲೂ ಅದೇ ಓರೆ. ನಗರದ ವಸ್ತುಸಂಗ್ರಹಾಲಯದವರು ಅವನ್ನು ಕೊಂಡರು. ಕಳಿಸುವ ಮೊದಲು ಶುಚಿ ಮಾಡಲೆಂದು ಏಳನ್ನೂ ಅತ್ತೆಯ ಬಳಿ ತಂದಿಟ್ಟಾಗ ನಾನು ಅವುಗಳ ತಳಗಳನ್ನೂ ಬರೆದುಕೊಂಡೆ; ಆರು ಅಲ್ಲಿಗೆ ಹೋದವು, ಏಳನೆಯದರ ಕೆಲಸ ಮುಗಿಯದೆ ಅದು ಅತ್ತೆಯ ಬಳಿ ಉಳಿಯಿತು.

ಕಳೆದ ವರ್ಷ ಪುಸ್ತಕ ಅಚ್ಚಿಗೆ ಹೋಗುವ ಮೊದಲು ಸಾಹೇಬರು ಕರಡಚ್ಚಿನ ಒಂದು ಹಾಳೆಯನ್ನು ಅವಳಿಗೆ ಕೊಟ್ಟರು. ಮೊದಲ ಪುಟ. ‘ಬೊಂಬೆಗಳನ್ನು ಗುರುತಿಸಿದವರು’ ಎಂಬ ಸಾಲಿನ ಕೆಳಗೆ ಅತ್ತೆಯ ಹೆಸರು, ಪೂರ್ತಿ, ತಪ್ಪಿಲ್ಲದೆ. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡಳು. ಯಾರಿಗೂ ತೋರಿಸಲಿಲ್ಲ. ಆದರೆ ಅಮ್ಮ ಚುಚ್ಚಿದಾಗಲೆಲ್ಲ ಅವಳ ಕೈ ಆ ಕಡೆ ಹೋಗುವುದನ್ನು ನಾನು ನೋಡಿದ್ದೇನೆ. ಹತ್ತೊಂಬತ್ತು ವರ್ಷ ಅಂಕಿಯಾಗಿದ್ದವಳಿಗೆ ಅಚ್ಚಾದ ಹೆಸರೆಂದರೆ ಏನೆಂದು, ಹೆಸರಿನಿಂದಲೇ ಕರೆಸಿಕೊಂಡು ಬೆಳೆದ ನಾವು ಹೇಳಲಾರೆವು.

ಇದನ್ನು ಹಾಳು ಮಾಡಿದ್ದು ನಾನು.

ಒಂದು ಮಧ್ಯಾಹ್ನ ಅಂಗಡಿಯವನು, ಅಲುಗಾಡುವ ಒಂದು ಗಾಜಿನ ಮಸಿ ದವಾತಿಯ ಬುಡವನ್ನು ಸಮ ಮಾಡಿಕೊಡಿ ಎಂದ. ಅತ್ತೆ ಹಿತ್ತಿಲಿನ ಚಪ್ಪಡಿ ಕಲ್ಲಿನ ಮೇಲೆ ಮರಳು ನೀರು ಹಾಕಿ ತಿಕ್ಕಿ ಕೊಟ್ಟಳು. ಅಭ್ಯಾಸದಂತೆ ನಾನು ಅದರ ತಳವನ್ನೂ ಬರೆದೆ. ಬರೆದ ಮೇಲೆ ಪೆನ್ಸಿಲ್ ಕೆಳಗಿಟ್ಟೆ. ಅಂಚಿನಲ್ಲಿ, ಅವಳ ಎಡ ಹೆಬ್ಬೆರಳಿದ್ದ ಕಡೆ, ಉಗುರಿನಷ್ಟು ಉದ್ದದ ಓರೆ. ಕುದುರೆಗಳ ಪುಟಗಳನ್ನು ತೆಗೆದು ಪಕ್ಕದಲ್ಲಿಟ್ಟೆ. ಕಣ್ಣಿಗೆ ಮೋಸವಾಗಿರಬಹುದು ಎಂದು ಎರಡು ದಿನ ಸುಮ್ಮನಿದ್ದು, ಒಂದು ಸೀಸೆಯ ತಳವನ್ನೂ ಒಂದು ಒಡಕು ಬಟ್ಟಲನ್ನೂ ಏನೋ ನೆಪ ಹೇಳಿ ತಿಕ್ಕಿಸಿಕೊಂಡೆ. ಮೂರರಲ್ಲೂ ಅದೇ. ಅತ್ತೆ ಚಿಕ್ಕವಳಿದ್ದಾಗ ಗೋಡೆಯಿಂದ ಬಿದ್ದು ಎಡ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿದೆ. ಆ ಕೈ ಯಾವುದರ ಮೇಲೂ ಸಮನಾಗಿ ಊರುವುದಿಲ್ಲ.

ಹೇಳದೆ ಇದ್ದುಬಿಡಬಹುದಿತ್ತು. ನಾನು ಹೇಳಿದೆ. ಅವಳೇ ಕಲಿಸಿದ್ದ ರೀತಿಯಲ್ಲಿ ಹತ್ತು ಪುಟಗಳನ್ನು ಮೇಜಿನ ಮೇಲೆ ಜೋಡಿಸಿಟ್ಟು, “ಅತ್ತೆ, ಇದು ನಿನ್ನ ಕೈ” ಎಂದೆ.

ಮೊದಲ ಸಲ ಅವಳ ಬಾಯಿಂದ “ಅದಿರ್ಲಿ” ಬರಲಿಲ್ಲ. ಹತ್ತು ಪುಟಗಳ ಮೇಲೂ ಮಸೂರ ಹಿಡಿದು ನೋಡಿ, ಕಾರ್ಖಾನೆಯಲ್ಲಿ ತಾನು ತಿಕ್ಕಿದ್ದೆಲ್ಲ ಮುಂದಿನ ನಯಚಕ್ರಕ್ಕೆ ಹೋಗುತ್ತಿತ್ತು, ತನ್ನ ಓರೆಯನ್ನು ಆ ಚಕ್ರ ಅಳಿಸಿಬಿಡುತ್ತಿತ್ತು, ಆದ್ದರಿಂದ ತನಗೂ ಅದು ಗೊತ್ತಿರಲಿಲ್ಲ ಎಂದಳು. ಕೊನೆಯ ವರ್ಷ ಮಾತ್ರ ನಯಚಕ್ರದವರನ್ನೆಲ್ಲ ಮನೆಗೆ ಕಳಿಸಿ, ಎರಡೂ ಕೆಲಸವನ್ನು ಇವಳಿಂದಲೇ ಮಾಡಿಸಿದ್ದರು. ಬೊಂಬೆಯ ಮೈಗೆ ಮರಳು ತಾಗದಿರಲಿ ಎಂದು ಅದನ್ನು ಬಟ್ಟೆ ಹೊದಿಸಿದ ಮರದ ಗೂಡಿನೊಳಗೆ ಹುದುಗಿಸಿ ಕೊಡುತ್ತಿದ್ದರಂತೆ. ಸಾಣೆಯವರಿಗೆ ಕಾಣುವುದು ಹೊರಗೆ ಚಾಚಿದ ತಳ ಒಂದೇ. ಗೂಡಿನ ಪಕ್ಕದಲ್ಲಿ ಬೆರಳೂರಲು ಕೆತ್ತಿದ ಒಂದು ಕೊರೆ. ಅದು ಯಾವಾಗಲೂ ಎಡ ಹೆಬ್ಬೆರಳಿಗೆ ಬರಬೇಕು. ಆ ವರ್ಷ ಬಂದವೆಲ್ಲ ಉದ್ದಗುಂಡು ತಳದವು. ಏನಿದು ಎಂದು ಕೇಳಿದ್ದಕ್ಕೆ ಮೇಸ್ತ್ರಿ, “ಮಸಿಕುಡಿಕೆ, ತಿಕ್ಕು” ಎಂದಿದ್ದ.

ಅವಳು ಎದ್ದು ಮನೆಗೆ ಹೋದಳು. ಕೊನೆಯ ದಿನ ಕೋಟಿನೊಳಗೆ ಮುಚ್ಚಿಟ್ಟು ತಂದಿದ್ದ ಅಂಥದೊಂದು ಗೂಡು ಅಡುಗೆಮನೆಯಲ್ಲಿತ್ತು, ಬೆಂಕಿಪೊಟ್ಟಣ ಇಡಲು ಬಳಸುತ್ತಿದ್ದೆವು. ಅದನ್ನು ತಂದು, ಏಳನೆಯ ಕುದುರೆಯನ್ನು ತಲೆಕೆಳಗಾಗಿ ಅದರೊಳಗಿಟ್ಟಳು. ಉದ್ದಗುಂಡು ಬಾಯಿಗೆ ಉದ್ದಗುಂಡು ತಳ ಒಂದು ಎಳೆ ಸಂದಿಲ್ಲದೆ ಕೂತಿತು. ಬಾಲ ಕೊರೆಯ ಕಡೆ, ಓರೆ ಕೊರೆಯ ಕಡೆ. ಆಮೇಲೆ ಅದನ್ನು ಮೆಲ್ಲಗೆ ಹೊರಗೆ ತೆಗೆದು, ನೆಟ್ಟಗೆ ನಿಲ್ಲಿಸಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಮೊದಲ ಸಲ ನೋಡಿದಳು.

“ಇದೇನಾ? ಇಷ್ಟು ಚೆಂದ ಇತ್ತಾ?” ಎಂದಳು. “ಮಸಿಕುಡಿಕೆ ಅಂದ್ನಲ್ಲೇ, ಆ ಹಾಳಾದವನು.”

ಮುಂದಿನ ಸಲ ಸಾಹೇಬರು ಬಂದಾಗ ಅವಳು ಅವರನ್ನು ಕೂರಿಸಿ, ಗೂಡನ್ನೂ ಕುದುರೆಯನ್ನೂ ಮುಂದಿಟ್ಟು, ಎಲ್ಲವನ್ನೂ ಹೇಳಿದಳು. ಅಚ್ಚು ದೊಡ್ಡವರದ್ದೇ ಇರಬಹುದು, ಗಾಜು ನಮ್ಮದು, ಸಾಣೆ ನನ್ನದು, ಪುಸ್ತಕದಲ್ಲಿ ತಿದ್ದಿಬಿಡಿ ಎಂದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಒಂಬತ್ತು ವರ್ಷ ಒಂದ್ ಮಾತು, ಈಗ ಇನ್ನೊಂದ್ ಮಾತು. ನಾನು ಯಾವ ಅಮ್ಮನ್ನ ನಂಬ್ಲಿ?”

“ತಪ್ಪು ಹೇಳಿದ ಅಮ್ಮನ್ನ ನಂಬಿದ್ರಲ್ಲ, ತಿದ್ಕೊಂಡ ಅಮ್ಮನ್ನೂ ನಂಬಿ.”

“ಅವು ಸಂಗ್ರಹಾಲಯಕ್ಕೆ ಹೋಗಿ ಕೂತಿವೆ. ಈಗ ಅವರಿಗೇನ್ ಹೇಳ್ಲಿ?”

“ಇದನ್ನೇ ಹೇಳಿ.”

“ಮರದ ತುಂಡೊಳಗೆ ಏನ್ ಬೇಕಾದ್ರೂ ಕೂರತ್ತೆ ಅಮ್ಮ.” ಅವರು ನಕ್ಕರು, ಅದೇ ಸಭ್ಯ ನಗು. “ಮೊದಲ ಪುಟದಲ್ಲಿ ಹೆಸರು ಹಾಕ್ತೀನಿ ಅಂದೆ. ಈಗ ಕುದುರೆನೂ ನಂದೇ ಅಂತಿದೀರಿ. ಆಸೆಗೂ ಒಂದು ಮಿತಿ ಬೇಡ್ವಾ?” ಎಂದವರು ನನ್ನ ಕಡೆ ತಿರುಗಿದರು. “ಇದೆಲ್ಲ ಈ ಹುಡುಗಿ ತಲೇಗೆ ಹಾಕಿದ್ದಾ?”

ನೋಟ್‌ಬುಕ್ಕು ನನ್ನ ತೊಡೆಯ ಮೇಲಿತ್ತು. ಹತ್ತು ಪುಟಗಳನ್ನೂ ಮತ್ತೆ ಅದರೊಳಗೆ ಸೇರಿಸಿ, ದಾರ ಇಟ್ಟು ಗುರುತು ಮಾಡಿಕೊಂಡಿದ್ದೆ. ತೆರೆದು ತೋರಿಸಿದ್ದರೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ನಾನು ಎರಡೂ ಕೈಗಳಿಂದ ಅದನ್ನು ಮುಚ್ಚಿ ಹಿಡಿದು, ಹೊರಗೆ ಕಾಣುತ್ತಿದ್ದ ದಾರದ ತುದಿಗಳನ್ನು ಒಳಗೆ ತುರುಕಿದೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿದಳು. ಬೇಡಿದ ಹಾಗೆ ಇರಲಿಲ್ಲ, ನನ್ನಲ್ಲಿ ಮಾತು ಇದೆಯಾ ಎಂದು ನೋಡಿದ ಹಾಗಿತ್ತು. ಆಮೇಲೆ ಅವಳೇ ಹೇಳಿದಳು: “ಅವಳಿಗೇನೂ ಗೊತ್ತಿಲ್ಲ ಸಾಹೇಬ್ರೆ, ಚಿಕ್ಕವಳು.” ಸಾಹೇಬರು ಏಳನೆಯ ಕುದುರೆಯನ್ನು ಪೆಟ್ಟಿಗೆಗೆ ಹಾಕಿಕೊಂಡು ಹೋದರು. ಮತ್ತೆ ಬರಲಿಲ್ಲ.

ಪುಸ್ತಕ ಬಂತು. ದಪ್ಪ, ಹೊಳೆಯುವ ಕಾಗದ, ಹೊದಿಕೆಯ ಮೇಲೆ ಕುದುರೆ. ಮೊದಲ ಪುಟದಲ್ಲಿ ‘ಗುರುತಿಸಿದವರು’ ಎಂಬ ಸಾಲೇ ಇಲ್ಲ. ನಲವತ್ತೊಂದನೆಯ ಪುಟದಲ್ಲಿ ಹೀಗಿದೆ: ‘ತಳದ ಅಂಚಿನಲ್ಲಿ ಬಾಲದ ಕಡೆಗೆ ಕಾಣುವ ನವಿರಾದ ಓರೆಯು ದೊಡ್ಡ ಕಾರ್ಖಾನೆಯ ನಿಪುಣ ಕುಶಲಕರ್ಮಿಗಳು ಉದ್ದೇಶಪೂರ್ವಕವಾಗಿ ಬಿಟ್ಟ ಸಹಿ.’ ಅತ್ತೆ ಮಸೂರ ಹಿಡಿದು ಆ ವಾಕ್ಯವನ್ನು ಎರಡು ಸಲ ಓದಿದಳು. “ನಿಪುಣ ಅಂತೆ” ಎಂದು ಪುಸ್ತಕ ಮುಚ್ಚಿದಳು. ಅವಳ ತಪ್ಪನ್ನು ಅವರು ಇಟ್ಟುಕೊಂಡರು, ಅವಳನ್ನು ಮಾತ್ರ ತೆಗೆದರು. ಮನೆಯಲ್ಲಿ ಅಮ್ಮ, “ಹೋಗ್ಲಿ ಬಿಡಿ ಅತ್ತಿಗೆ, ಬಾಯಿ ಮುಚ್ಕೊಂಡಿದ್ರೆ ಹೆಸರಾದ್ರೂ ಉಳೀತಿತ್ತು” ಎಂದಳು. ಅದು ಅಮ್ಮನ ಬಾಯಿಂದ ಬರುವ ಸಮಾಧಾನಗಳಲ್ಲೆಲ್ಲ ಅತಿ ಮೆತ್ತನೆಯದು ಎಂದು ನನಗೂ ಗೊತ್ತು, ಅತ್ತೆಗೂ ಗೊತ್ತಿತ್ತು.

ಆಮೇಲೆ ಜನ ಪುಸ್ತಕ ಹಿಡಿದುಕೊಂಡೇ ಬರತೊಡಗಿದರು. ಒಬ್ಬ ಯುವಕ ಕುದುರೆಯೊಂದನ್ನು ತಂದು, ಓರೆಯನ್ನು ಬೆರಳಿನಿಂದ ಸವರಿ ತೋರಿಸಿ, “ನೋಡಿ ಅಮ್ಮ, ಇದನ್ನ ಸಹಿ ಅಂತಾರೆ. ನಿಮಗೆ ಗೊತ್ತಿರಲ್ಲ” ಎಂದ. ಅತ್ತೆ ಆ ಓರೆಯನ್ನೂ ತನ್ನ ಎಡ ಮಣಿಕಟ್ಟನ್ನೂ ನೋಡಿದಳು. “ಪುಸ್ತಕದಲ್ಲಿದ್ರೆ ಸರಿ ಬಿಡಪ್ಪ” ಎಂದಳು. ಅಜ್ಜಿಯ ಕೋಳಿಗೆ ಒಂದು ಮೆತ್ತನೆಯ ಮಾತನ್ನೂ ಆಡದ ಹೆಂಗಸು ಅವಳು. ಆ ವಾರವೇ ಕಿಟಕಿಯ ಮೇಜನ್ನು ಬಿಟ್ಟಳು. ಈಗ ಮನೆಯಲ್ಲಿ ಅಕ್ಕಿ ಆರಿಸುತ್ತಾಳೆ, ಬಟ್ಟೆ ಮಡಿಸುತ್ತಾಳೆ; ಗಾಜಿನ ಲೋಟ ಕೊಟ್ಟರೆ ಸ್ಟೀಲಿನದು ಕೊಡು ಎನ್ನುತ್ತಾಳೆ.

ಕೈಯಿಂದ ತಿಳಿದವರು ಎಲ್ಲ ಊರಿನಲ್ಲೂ ಇರುತ್ತಾರೆ ಎಂದು ನನಗೆ ಅನ್ನಿಸುತ್ತದೆ: ಒಂದೇ ಚಕ್ರದ ಮುಂದೆ ಆಯುಸ್ಸು ಸವೆಸಿ, ವಸ್ತುವಿನ ಒಂದೇ ಬದಿಯನ್ನು ಪೂರ್ತಿಯಾಗಿ ಬಲ್ಲವರು. ಇನ್ನೊಂದು ಬದಿಯನ್ನು ಅವರಿಗೆ ಯಾರೂ ತೋರಿಸಿರುವುದಿಲ್ಲ. ಅವರ ಜ್ಞಾನ ಬೇಕಾದಾಗ ಅಮ್ಮ ಎನ್ನುತ್ತಾರೆ. ಅವರು ತಪ್ಪಿದ್ದು ಅನುಕೂಲವಾದರೆ ಅದನ್ನು ಶಾಸ್ತ್ರವೆನ್ನುತ್ತಾರೆ. ಅವರೇ ಆ ತಪ್ಪನ್ನು ತಿದ್ದಲು ಬಂದರೆ ಆಸೆಬುರುಕರು ಎನ್ನುತ್ತಾರೆ. ಅಂಥವರಿಗೆ ಕೇಡು ಮಾಡಲು ದುಷ್ಟರೇ ಬೇಕಾಗಿಲ್ಲ, ಒಬ್ಬ ಸಭ್ಯ ಮನುಷ್ಯ ಸಾಕು. ಗೊತ್ತಿದ್ದೂ ಪಕ್ಕದಲ್ಲಿ ಸುಮ್ಮನೆ ಕೂತ ಒಬ್ಬಳು ಸಾಕು.

ವಸ್ತುಸಂಗ್ರಹಾಲಯ ಮಂಗಳವಾರ ತೆರೆದಿರುತ್ತದೆ. ನಾನು ಮರದ ಗೂಡನ್ನೂ ಹತ್ತು ಪುಟಗಳನ್ನೂ ತೆಗೆದುಕೊಂಡು ಹೋಗಿ, ಅಲ್ಲಿನ ಅಧಿಕಾರಿಯ ಎದುರು ನಿಂತು, ಏಳು ಕುದುರೆಗಳ ಕೆಳಗಿರುವ ಚೀಟಿ ತಪ್ಪು ಎಂದು ಬಾಯಿಬಿಟ್ಟು ಹೇಳುತ್ತೇನೆ.